ವೈಫೈ ಏರ್‌ಟೈಮ್ ಪೋಲಾಗದಂತೆ ನೋಡಿಕೊಳ್ಳುವುದು ಹೇಗೆ

ವೈಫೈ ಚಾನೆಲ್‌ನಲ್ಲಿ (ವೈಫೈ ಬಳಸುವ ರೇಡಿಯೋ ತರಂಗಾಂತರದ ಒಂದು ಪಟ್ಟಿಯಲ್ಲಿ) ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡುತ್ತದೆ, ಉಳಿದವು ಕಾಯುತ್ತವೆ. ಹಾಗಾಗಿ ಎಲ್ಲರೂ ಹಂಚಿಕೊಳ್ಳುವುದು ಸಮಯವನ್ನು, ಇದೇ ಏರ್‌ಟೈಮ್. 1,500 ಬೈಟ್‌ಗಳು 54 ಎಂಬಿಪಿಎಸ್‌ (ಸೆಕೆಂಡಿಗೆ ಮೆಗಾಬಿಟ್) ವೇಗದಲ್ಲಿ ಸುಮಾರು 0.22 ಮಿಲಿಸೆಕೆಂಡಿನಲ್ಲಿ ಹೋಗುತ್ತವೆ. 1 ಎಂಬಿಪಿಎಸ್‌ನಲ್ಲಿ ಅಷ್ಟಕ್ಕೇ 12 ಮಿಲಿಸೆಕೆಂಡು ಹಿಡಿಯುತ್ತದೆ. ದೂರದ ಮೂಲೆಯಲ್ಲಿ ಕುಂಟುವ ಒಂದೇ ಒಂದು ಫೋನು ಎಲ್ಲರನ್ನೂ ಕಾಯಿಸುವುದು ಹೀಗೆ.

ಬಳಕೆ ಜೋರಾಗಿರುವ ಹೊತ್ತಿನಲ್ಲಿ ಆಕ್ಸೆಸ್ ಪಾಯಿಂಟ್‌ನ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆಯ) ಸೆಟ್ಟಿಂಗ್ ಪುಟ ತೆರೆದು 'ಚಾನೆಲ್ ಯುಟಿಲೈಸೇಷನ್', ಅಂದರೆ ಚಾನೆಲ್ ಶೇಕಡಾ ಎಷ್ಟು ಹೊತ್ತು ಬಿಡುವಿಲ್ಲದೆ ಇರುತ್ತದೆ ಎಂಬ ಅಂಕಿ, ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಅದು ಶೇ. 50 ದಾಟಿದ್ದರೆ ಕೆಲಸವಿದೆ.

ಮೊದಲ ಕತ್ತರಿ ಎಸ್‌ಎಸ್‌ಐಡಿಗಳಿಗೆ, ಅಂದರೆ ಫೋನಿನ ಪಟ್ಟಿಯಲ್ಲಿ ಕಾಣುವ ವೈಫೈ ಹೆಸರುಗಳಿಗೆ. ಒಂದೊಂದು ಹೆಸರಿಗೂ ಸಾಮಾನ್ಯವಾಗಿ ಪ್ರತಿ 102.4 ಮಿಲಿಸೆಕೆಂಡಿಗೊಮ್ಮೆ ಒಂದು ಬೀಕನ್ (ಈ ವೈಫೈ ಇಲ್ಲಿದೆ ಎಂದು ಸಾರುವ ಪುಟ್ಟ ಸಂದೇಶ) ಹೊರಡುತ್ತದೆ, ಅದೂ ಕಡ್ಡಾಯ ದರಗಳಲ್ಲಿ (ಸೇರುವ ಎಲ್ಲ ಸಾಧನಗಳಿಗೂ ಬರಲೇಬೇಕಾದ ವೇಗಗಳಲ್ಲಿ) ಅತಿ ನಿಧಾನದ್ದರಲ್ಲಿ. 300 ಬೈಟ್‌ನ ಬೀಕನ್‌ಗೆ 1 ಎಂಬಿಪಿಎಸ್‌ನಲ್ಲಿ ಸುಮಾರು 2.6 ಮಿಲಿಸೆಕೆಂಡು. ಐದು ಹೆಸರಿಟ್ಟರೆ ಯಾರೂ ಏನೂ ಕಳಿಸದಿದ್ದರೂ ಶೇ. 12ಕ್ಕಿಂತ ಹೆಚ್ಚು ಸಮಯ ಖರ್ಚು! ಎರಡು ಹೆಸರು ಸಾಕು. ಹೆಸರನ್ನು ಮರೆಮಾಡಿದರೆ ಪ್ರಯೋಜನವಿಲ್ಲ, ಬೀಕನ್ ಹೋಗುತ್ತಲೇ ಇರುತ್ತದೆ.

ಆಮೇಲೆ 2.4 ಗಿಗಾಹರ್ಟ್ಸ್‌ನಲ್ಲಿ 1, 2, 5.5, 11 ಎಂಬಿಪಿಎಸ್ ದರಗಳನ್ನು ತೆಗೆದು ಕನಿಷ್ಠ ದರವನ್ನು 12 ಮಾಡಿ. ಇಲ್ಲೊಂದು ತೊಡಕಿದೆ: 802.11ಬಿ ಎಂಬ ಹಳೆಯ ವೈಫೈ ಮಾದರಿ ಮಾತ್ರ ಬಲ್ಲ ಹಳೆಯ ಪ್ರಿಂಟರ್, ಸ್ಕ್ಯಾನರ್‌ಗಳು ಆ ಕ್ಷಣವೇ ಕಳಚಿಕೊಳ್ಳುತ್ತವೆ. ಅಂಥವನ್ನು ಮೊದಲೇ ಪಟ್ಟಿ ಮಾಡಿ, ಸಾಧ್ಯವಾದರೆ ಕೇಬಲ್‌ಗೆ ಹಾಕಿ. ಜಾಗ ಬಿಟ್ಟು ಕದಲದ ಟಿವಿ, ಡೆಸ್ಕ್‌ಟಾಪ್‌ಗಳಿಗೂ ಕೇಬಲ್ಲೇ ಸರಿ.

2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6, 11 ಬಿಟ್ಟು ಬೇರೆ ಬೇಡ. ಖಾಲಿ ಕಂಡಿತೆಂದು 3ಕ್ಕೆ ಹೋದರೆ 1 ಮತ್ತು 6 ಎರಡಕ್ಕೂ ಗದ್ದಲ. ಒಂದೇ ಚಾನೆಲ್‌ನಲ್ಲಿರುವವು ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡು ಸರದಿ ಕಾಯುತ್ತವೆ. ಅರ್ಧಂಬರ್ಧ ಮೇಲೆ ಬಿದ್ದವು ಒಂದಕ್ಕೊಂದು ಬರೀ ಸದ್ದು. ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್‌ನಲ್ಲಿ 40 ಇಡಬಹುದು, ಆದರೆ ಅಗಲ ದುಪ್ಪಟ್ಟಾದಾಗಲೆಲ್ಲ ನಾಯ್ಸ್ (ಹಿನ್ನೆಲೆ ಗದ್ದಲ) 3 ಡಿಬಿ, ಅಂದರೆ ಎರಡರಷ್ಟು, ಏರುತ್ತದೆ ಎಂಬುದು ನೆನಪಿರಲಿ.

ಪವರ್ ಪೂರ್ತಿ ಏರಿಸುವುದು ಬಹಳ ಜನ ಮಾಡುವ ತಪ್ಪು. ಆಕ್ಸೆಸ್ ಪಾಯಿಂಟ್‌ನ ಕೂಗು ಫೋನಿಗೆ ಕೇಳಿಸುತ್ತದೆ, ಫೋನಿನ ಉತ್ತರ ಅಲ್ಲಿಗೆ ಮುಟ್ಟುವುದಿಲ್ಲ. ಮತ್ತೆ ಮತ್ತೆ ಕಳಿಸಬೇಕಾಗಿ ಏರ್‌ಟೈಮ್ ಸೋರುತ್ತದೆ. ಬಳಸುವ ಜಾಗದ ಅಂಚಿನಲ್ಲಿ ಸಿಗ್ನಲ್ -67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಆಸುಪಾಸು ಇರುವಷ್ಟಕ್ಕೆ ಇಳಿಸಿ.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಒಂದು ಬದಲಿಸಿ, ಮರುದಿನ ಅದೇ ಹೊತ್ತಿಗೆ ಯುಟಿಲೈಸೇಷನ್ ಮತ್ತು ರೀಟ್ರೈ (ಮತ್ತೆ ಕಳಿಸಬೇಕಾಗಿ ಬಂದ) ಅಂಕಿಗಳನ್ನು ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿ.