ಗನ್ ಗೇಮ್ ಜಗಳ: ವೈಫೈ ಆರಿಸುವ ಮೊದಲು ಒಂದು ಮ್ಯಾಚ್ ನೋಡಿ

"ತಡಿ ಮಮ್ಮಿ, ಮ್ಯಾಚ್ ನಡದೈತಿ!"

ನಿಮ್ಮ ಮನೆಯಲ್ಲೂ ದಿನಾ ಇದೇ ಮಾತು ಕೇಳಿಸುತ್ತಿದ್ದರೆ ಸ್ವಲ್ಪ ಕೂತು ಇದನ್ನು ಓದಿ. ನಾವು ಬಾಗಲಕೋಟೆ ನವನಗರದವರು. ಮಗನಿಗೆ ಈಗ 15 ವರ್ಷ. ಹೋದ ವರ್ಷ ಒಂದು ರಾತ್ರಿ ಊಟಕ್ಕೆ ಮೂರು ಸಲ ಕರೆದರೂ ಬರಲಿಲ್ಲ ಅಂತ ಸಿಟ್ಟು ಬಂದು ವೈಫೈ ಸ್ವಿಚ್ ಆರಿಸಿಬಿಟ್ಟೆ. ಅವನು ಫೋನನ್ನು ಹಾಸಿಗೆ ಮೇಲೆ ಎಸೆದು ಎದ್ದು ಹೋದ. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ದಿನಾ ಗುಂಡು ಹೊಡೆಯುವ ಆಟ ಆಡಿ ಆಡಿ ಹುಡುಗ ಹೀಗಾಗಿದ್ದಾನೆ ಅಂತಲೇ ನಾನು ನಂಬಿದ್ದೆ. ಆ ರಾತ್ರಿಯ ಸಿಟ್ಟಿಗೆ ಕಾರಣ ಬೇರೆ ಇತ್ತು. ಅದು ಗೊತ್ತಾಗಿದ್ದು ಅವನ ಪಕ್ಕ ಕೂತು ಒಂದು ಮ್ಯಾಚ್ ನೋಡಿದ ಮೇಲೆ.

ಅದಕ್ಕೇ ಮೊದಲ ಕೆಲಸ ಇದು. ಬೈಯದೆ, ಜಾಸ್ತಿ ಕೇಳದೆ, ಪೂರ್ತಿ ಒಂದು ಮ್ಯಾಚ್ ಪಕ್ಕದಲ್ಲಿ ಕೂತು ನೋಡಿ. ಬಿಜಿಎಂಐ (ಪಬ್‌ಜಿ ಆಟದ ಭಾರತದ ರೂಪ, ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆದರೆ 100 ಜನರ ತನಕ ವಿಮಾನದಿಂದ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಆಡುವ ಜಾಗ ಸುತ್ತಲಿಂದ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದ ತಂಡ ಗೆದ್ದ ಹಾಗೆ. ದೊಡ್ಡ ಮ್ಯಾಪಿನಲ್ಲಿ ಕೊನೆವರೆಗೆ ಉಳಿದರೆ ಸುಮಾರು ಅರ್ಧ ಗಂಟೆ ಬೇಕು. ಇಂಥದ್ದೇ ಇನ್ನೊಂದು ಆಟ ಫ್ರೀ ಫೈರ್ ಮ್ಯಾಕ್ಸ್‌ನ ಮ್ಯಾಚ್ ಅದಕ್ಕಿಂತ ಬೇಗ ಮುಗಿಯುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ನೆಟ್‌ನಲ್ಲಿ ಆಡುವುದರಿಂದ ನಡುವೆ ನಿಲ್ಲಿಸಿ, ಊಟ ಮಾಡಿ ಬಂದು, ಮತ್ತೆ ಅಲ್ಲಿಂದಲೇ ಶುರು ಮಾಡೋಕೆ ಆಗುವುದಿಲ್ಲ. ನಾಲ್ಕು ಜನರ ತಂಡದಲ್ಲಿ ಒಬ್ಬ ಮಾಯವಾದರೆ ಉಳಿದ ಮೂವರು ಒದ್ದಾಡುತ್ತಾರೆ, ಇವನ ರ್‍ಯಾಂಕ್ ಇಳಿಯುತ್ತದೆ, ಮರುದಿನ ಟ್ಯೂಷನ್‌ನಲ್ಲಿ ಆ ಮೂವರಿಂದ ಬೈಸಿಕೊಳ್ಳಬೇಕು. ನಾನು ಸ್ವಿಚ್ ಆರಿಸಿದ ರಾತ್ರಿ ಆಗಿದ್ದು ಇದೇ.

ಹಾಗಾಗಿ "9:30ಕ್ಕೆ ಬಂದ್" ಅನ್ನಬೇಡಿ. "9 ಗಂಟೆ ಆದ ಮೇಲೆ ಹೊಸ ಮ್ಯಾಚ್ ಶುರು ಮಾಡಬಾರದು" ಅನ್ನಿ. ಎರಡೂ ಒಂದೇ ಅಲ್ವಾ ಅನಿಸಬಹುದು. ಅಲ್ಲ. ಮೊದಲನೆಯದರಲ್ಲಿ ಆಟ ಕಿತ್ತುಕೊಳ್ಳುವವರು ನೀವು, ಎರಡನೆಯದರಲ್ಲಿ ಮುಗಿಸುವವನು ಅವನು. ನಮ್ಮ ಮನೆಯ ಜಗಳದಲ್ಲಿ ಅರ್ಧ ಇದೊಂದರಿಂದಲೇ ಕಡಿಮೆಯಾಯಿತು.

ಇನ್ನು ಹೊಡೆದಾಟದ ಮಾತು. ನಮ್ಮ ಕಡೆಯ ತಂದೆತಾಯಿಗೆ ಈ ಹೆದರಿಕೆ ಸುಮ್ನೆ ಬಂದಿದ್ದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಹತ್ತಿರದ ಕಾಕತಿಯಿಂದ, ಪಬ್‌ಜಿ ಆಡಬೇಡ ಅಂದಿದ್ದಕ್ಕೆ ಮಗನೇ ತಂದೆಯನ್ನು ಕೊಂದ ಅಂತ ಸುದ್ದಿ ಬಂದಾಗ ಎಷ್ಟು ಮನೆಗಳಲ್ಲಿ ಫೋನ್ ಕಿತ್ತಿಟ್ಟರೋ ಏನೋ. ಒಮ್ಮೆ ಸಿಟ್ಟಿನಲ್ಲಿ ನಾನೂ ಮಗನಿಗೆ "ನೀನೂ ಹಂಗ ಮಾಡ್ತೀ ಏನು?" ಅಂದುಬಿಟ್ಟೆ. ಆಗ ಅವನ ಮುಖ ಹೇಗಾಯಿತು ಅಂತ ನನಗೆ ಈಗಲೂ ನೆನಪಿದೆ. ಆ ಮಾತು ಮಾತ್ರ ಯಾರೂ ಆಡಬೇಡಿ.

ಓದಿಕೊಂಡವರು ಏನು ಹೇಳುತ್ತಾರೆ ಅಂತ ನೋಡಿದರೆ, ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಎಪಿಎ 2020ರಲ್ಲಿ ಹೇಳಿದ್ದು ಹೀಗೆ: ಇಂಥ ಆಟಕ್ಕೂ ಕೂಗಾಡುವುದು, ತಳ್ಳಾಡುವುದು ಇಂಥ ನಡತೆಗೂ ಸಣ್ಣದೊಂದು ನಂಟು ಕಾಣುತ್ತದೆ, ಆದರೆ ಕೊಲೆ, ಗುಂಡು ಹಾರಿಸುವಂಥ ದೊಡ್ಡ ಹಿಂಸೆಗೆ ಇದೇ ಕಾರಣ ಅನ್ನುವಷ್ಟು ಆಧಾರ ಇಲ್ಲ. ಅಂದರೆ ನಿಮ್ಮ ಚಿಂತೆ ಪೂರ್ತಿ ಸುಳ್ಳಲ್ಲ, ಆದರೆ ಮಗನನ್ನು ಅನುಮಾನದಿಂದ ನೋಡುವುದೂ ಸರಿಯಲ್ಲ.

ಗನ್ ಇರುವ ಆಟಗಳೆಲ್ಲ ಒಂದೇ ಅಂತ ತಿಳಿಯಬೇಡಿ. ಇದರಲ್ಲಿ ನಾವು ತಪ್ಪಿದರೆ ಮಕ್ಕಳು ನಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಕೆಳಗೆ 7+, 12+, 16+, 18+ ಅಂತ ವಯಸ್ಸು ಬರೆದಿರುತ್ತದೆ, ಅದನ್ನು ಇಬ್ಬರೂ ಸೇರಿ ನೋಡಿ. ಬಿಜಿಎಂಐಯಲ್ಲಿ ಎರಡೂ ಕಡೆಯವರ ಕೈಯಲ್ಲಿ ಗನ್ ಇರುತ್ತದೆ, ಅದು ತಂಡಗಳ ನಡುವಿನ ಸೋಲು ಗೆಲುವು. ಜಿಟಿಎ ಫೈವ್ ಹಾಗಲ್ಲ. ರಸ್ತೆಯಲ್ಲಿ ಸುಮ್ನೆ ಹೋಗುವವರನ್ನು ಹೊಡೆಯಬಹುದು, ಒಬ್ಬನನ್ನು ಕಟ್ಟಿಹಾಕಿ ಹಿಂಸೆ ಕೊಡುವ ದೃಶ್ಯವೂ ಇದೆ. ಯುರೋಪಿನಲ್ಲಿ ಅದಕ್ಕೆ 18ರ ಗುರುತು ಕೊಟ್ಟಿದ್ದಾರೆ. ಮಗ "ಎಲ್ಲಾರೂ ಆಡ್ತಾರ" ಅಂದ. "ಆಡಲಿ, 18 ಆದ ಮೇಲೆ ನೀನೂ ಆಡು" ಅಂದೆ, ಯಾಕೆ ಬೇಡ ಅಂತಲೂ ಹೇಳಿದೆ. ಎರಡು ದಿನ ಮುಖ ಊದಿಸಿದ. ಆದರೆ ಒಂದಕ್ಕೆ ಹೂಂ ಅಂದಿದ್ದೆನಲ್ಲ, ಇನ್ನೊಂದಕ್ಕೆ ಬೇಡ ಅಂದಿದ್ದನ್ನು ಒಪ್ಪಿಕೊಂಡ.

ನನಗೆ ಗನ್ನಿಗಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ಮೈಕ್. ಹುಡುಗರು ಇಯರ್‌ಫೋನ್ ಹಾಕಿಕೊಂಡು ಆಡುವುದರಿಂದ ಅಲ್ಲಿ ಯಾರು ಏನು ಮಾತಾಡುತ್ತಾರೆ ಅಂತ ನಮಗೆ ಗೊತ್ತೇ ಆಗುವುದಿಲ್ಲ. ಒಂದು ದಿನ ಸ್ಪೀಕರ್‌ನಲ್ಲಿ ಆಡು ಅಂದೆ. ಯಾವ ಊರಿನವರೋ ಗೊತ್ತಿಲ್ಲದ ದೊಡ್ಡ ಗಂಡಸರು, ಹಿಂದಿಯಲ್ಲಿ ತಾಯಿ ತಂಗಿ ಎಳೆದು ಬೈಯುತ್ತಿದ್ದರು. ಮಗನಿಗೆ ನನಗಿಂತ ಜಾಸ್ತಿ ಮುಜುಗರವಾಯಿತು. ಅವತ್ತಿನಿಂದ ಗುರುತಿನ ಗೆಳೆಯರ ತಂಡ ಇದ್ದರೆ ಮಾತ್ರ ಮೈಕ್, ಹೊರಗಿನವರು ಸೇರಿದರೆ ಮ್ಯೂಟ್. ಅವನ ಮೆಸೇಜುಗಳನ್ನು ಕದ್ದು ಓದುವ ಕೆಲಸ ನಾನು ಮಾಡುವುದಿಲ್ಲ, ಅದನ್ನೂ ಅವನಿಗೆ ಹೇಳಿದ್ದೇನೆ.

ಸೆಟ್ಟಿಂಗ್‌ನಲ್ಲಿ ಎರಡು ಕೆಲಸ ಇವತ್ತೇ ಮಾಡಿ. ಮೊದಲನೆಯದು ಅಕೌಂಟಿನಲ್ಲಿರುವ ವಯಸ್ಸು. ಬಿಜಿಎಂಐಯನ್ನು ಸರ್ಕಾರ 2022ರ ಜುಲೈನಲ್ಲಿ ತಡೆದಿತ್ತು. 2023ರ ಮೇ ತಿಂಗಳಲ್ಲಿ ಅದು ವಾಪಸ್ ಬಂದಾಗ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ ಅಂತ ಮಿತಿ ಇಟ್ಟರು. ನನ್ನ ಕೇಳಿದರೆ ಶಾಲೆ ಇರುವ ದಿನ 3 ಗಂಟೆಯೂ ಜಾಸ್ತಿಯೇ. ಆದರೆ ಅಕೌಂಟಿನಲ್ಲಿ ವಯಸ್ಸು ತಪ್ಪು ಕೊಟ್ಟಿದ್ದರೆ ಆ ಮಿತಿ ಇದ್ದೂ ಇಲ್ಲದ ಹಾಗೆ, ಅದಕ್ಕೆ ಜೊತೆಗೆ ಕೂತು ನೋಡಿ. ಎರಡನೆಯದು ದುಡ್ಡು. ಆಟದೊಳಗಿನ ದುಡ್ಡಿಗೆ ಬಿಜಿಎಂಐಯಲ್ಲಿ ಯುಸಿ, ಫ್ರೀ ಫೈರ್‌ನಲ್ಲಿ ಡೈಮಂಡ್ ಅನ್ನುತ್ತಾರೆ, ಎರಡೂ ನಿಜವಾದ ರೂಪಾಯಿ ಕೊಟ್ಟೇ ಕೊಳ್ಳುವಂಥವು. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಯುಪಿಐ ಪಿನ್ ಮಕ್ಕಳಿಗೆ ಕೊಡಬೇಡಿ.

ಇಷ್ಟೆಲ್ಲ ಮಾಡಿದರೂ ಮನೆಯ ದೊಡ್ಡವರು ಒಂದೊಂದು ಮಾತಾಡಿದರೆ ಏನೂ ನಿಲ್ಲುವುದಿಲ್ಲ. ನಮ್ಮ ಮನೆಯವರು "ಪೂರ್ತಿ ಬಂದ್ ಮಾಡು" ಅನ್ನುತ್ತಿದ್ದರು, ಅತ್ತೆ ಮೊಮ್ಮಗ ಅಂತ ತಮ್ಮ ಫೋನ್ ಕೊಡುತ್ತಿದ್ದರು, ನಡುವೆ ಕೆಟ್ಟವಳಾಗಿದ್ದು ನಾನು. ಅದಕ್ಕೇ ಮಗನನ್ನು ಕೂರಿಸಿಕೊಳ್ಳುವ ಮೊದಲು ದೊಡ್ಡವರು ಮೂವರೂ ಕೂತು ಮಾತಾಡಿ ಒಂದು ಮಾತಿಗೆ ಬಂದೆವು. ಆಮೇಲೆ ಅವನನ್ನು ಕರೆದು ಶಾಲೆಯ ದಿನ ಎಷ್ಟು ಮ್ಯಾಚ್, ಭಾನುವಾರ ಎಷ್ಟು ಅಂತ ಅವನ ಬಾಯಿಂದಲೇ ಹೇಳಿಸಿ ಕ್ಯಾಲೆಂಡರ್ ಹಿಂದೆ ಬರೆಸಿದೆವು. ಮೀರಿದರೆ ಮರುದಿನ ಒಂದು ಮ್ಯಾಚ್ ಕಡಿಮೆ, ಅಷ್ಟೇ, ಭಾಷಣ ಇಲ್ಲ. ಬೇಸಿಗೆ ರಜೆಗೆ ಲೆಕ್ಕ ಬೇರೆ, ಯಾಕಂದರೆ ಮೇ ತಿಂಗಳಲ್ಲಿ ನಮ್ಮೂರಿನ 40 ಡಿಗ್ರಿ ಬಿಸಿಲಿಗೆ ಮಧ್ಯಾಹ್ನ ಹೊರಗೆ ಹೋಗಿ ಆಡು ಅನ್ನುವುದು ತಪ್ಪು. ಸಂಜೆ ಬಿಸಿಲು ಇಳಿದ ಮೇಲೆ ಸೈಕಲ್ ಹತ್ತಲೇಬೇಕು, ಅದನ್ನೂ ಬರೆದಿದ್ದೇವೆ.

ಒಂದು ಎಚ್ಚರಿಕೆ. ನಿಲ್ಲಿಸಬೇಕು ಅಂದುಕೊಂಡರೂ ನಿಲ್ಲಿಸೋಕೆ ಆಗದೆ, ಊಟ, ನಿದ್ದೆ, ಓದು, ಗೆಳೆಯರು ಎಲ್ಲ ಹಿಂದೆ ಬಿದ್ದು, ಹಾಳಾಗುತ್ತಿದೆ ಅಂತ ಗೊತ್ತಿದ್ದೂ ಆಟ ನಡೆದೇ ಇದ್ದರೆ ಅದು ಬೈದು ಸರಿಮಾಡುವ ವಿಷಯ ಅಲ್ಲ. ಹೀಗೆ ಸುಮಾರು 12 ತಿಂಗಳು ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಅಂತಲೇ ಗುರುತಿಸುತ್ತದೆ. ಅಷ್ಟು ದಿನ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರಿಗೇ ತೋರಿಸಬೇಕು ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ಹತ್ತಿರ.

ಮಾತು ಹೇಗೆ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ, ಸೋತ ತಕ್ಷಣ ಮಾತ್ರ ಬೇಡ. ಹತ್ತು ನಿಮಿಷ ಬಿಡಿ, ಒಂದು ಲೋಟ ಮಜ್ಜಿಗೆ ಕೊಡಿ. ಆಮೇಲೆ "ಇವತ್ತ ಎಲ್ಲಿ ಇಳದಿ, ಪೊಚಿಂಕಿ ಏನು?" ಅಂತ ಕೇಳಿ. ಪೊಚಿಂಕಿ ಅಂದರೆ ಬಿಜಿಎಂಐಯ ಆ ದ್ವೀಪದಲ್ಲಿರುವ ಒಂದು ಊರು. ನಾನು ಮೊದಲ ಸಲ ಕೇಳಿದಾಗ ಅವನು ತಲೆ ಎತ್ತಿ ನನ್ನನ್ನೇ ನೋಡಿದ, ಆಮೇಲೆ ಅರ್ಧ ಗಂಟೆ ಮಾತು ನಿಲ್ಲಿಸಲಿಲ್ಲ.