ಮಳೆ ನಕ್ಷತ್ರ ಹಿಡಿದು ವರ್ಷದ ಪಾಠ ಹಂಚಿದ್ದು: ನನ್ನ ಅನುಭವ

ಜೂನ್ ಬಂತೆಂದರೆ ವಾರ್ಷಿಕ ಪಾಠ ಹಂಚಿಕೆ ಬರೆದು ಕೊಡಬೇಕು. ಪುಸ್ತಕದ ಪರಿವಿಡಿ ತೆಗೆಯುವುದು, ತಿಂಗಳಿಗೆ ಇಷ್ಟು ಪಾಠ ಅಂತ ಹಂಚುವುದು, ಸ್ಕೇಲ್ ಇಟ್ಟು ಗೆರೆ ಎಳೆಯುವುದು, ಮುಖ್ಯ ಗುರುಗಳ ಸಹಿ ಹಾಕಿಸಿ ಬೀರುವಿನಲ್ಲಿ ಇಡುವುದು. ಎಲ್ಲ ಕಡೆ ನಡೆಯುವುದು ಇಷ್ಟೇ ಅಲ್ವಾ?

ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ನಲಿ-ಕಲಿ (ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿ) ಮಕ್ಕಳಿಗೆ ಕಲಿಸುತ್ತೇನೆ. ಮೂರೂ ತರಗತಿಗೆ ಒಂದೇ ಕೋಣೆ. ಈ ವಯಸ್ಸಿಗೆ ವಿಜ್ಞಾನ ಅಂತ ಬೇರೆ ಪುಸ್ತಕ ಇಲ್ಲ. ಪರಿಸರ ಅಧ್ಯಯನದ ಒಳಗೇ ಗಿಡ, ಪ್ರಾಣಿ, ನೀರು, ಗಾಳಿ, ಆಕಾಶ ಎಲ್ಲ ಬರುತ್ತವೆ. ತೊಂದರೆ ಏನೆಂದರೆ, ಪಾಠಗಳ ಸಾಲು ನಮ್ಮೂರಿನ ಮಳೆಗೆ ಹೊಂದುವುದಿಲ್ಲ. ಸುಮ್ನೆ ಸಾಲಾಗಿ ಹೋದರೆ ಮೋಡ ಮುಚ್ಚಿದ ಜುಲೈನಲ್ಲಿ ಚಂದ್ರನನ್ನು ನೋಡಿ ಬನ್ನಿ ಅನ್ನಬೇಕಾಗುತ್ತದೆ, ಹೊಲ ಬೋಳಾದ ಫೆಬ್ರುವರಿಯಲ್ಲಿ ಮೊಳಕೆ ತೋರಿಸಬೇಕಾಗುತ್ತದೆ. ಅದಕ್ಕೆ ನಾನು ಮೊದಲು ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಇಳಿಸಿಕೊಂಡು ಕೂತೆ. ಪುಸ್ತಕ ಆಮೇಲೆ.

ಆ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಹಬ್ಬದ ಜೊತೆ ರೈತರು ಮಳೆಗಾಲವನ್ನು ಎಣಿಸುವ ಮಳೆ ನಕ್ಷತ್ರಗಳೂ ಇರುತ್ತವೆ. ಜೂನ್ 8ರ ಹೊತ್ತಿಗೆ ಮಿರಗ (ಮೃಗಶಿರ) ಹೂಡುತ್ತದೆ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಹೀಗೆ ನವೆಂಬರ್ ಮೊದಲ ವಾರದ ಸ್ವಾತಿಯ ತನಕ. ಒಂದೊಂದಕ್ಕೆ 13–14 ದಿನ. ನನಗೆ ಬೇಕಾಗಿದ್ದೂ ಅದೇ ಅಳತೆ. ವಾರಕ್ಕೊಂದು ವಿಷಯ ಅಂದರೆ ಚಿಕ್ಕ ಮಕ್ಕಳಿಗೆ ಸಾಲುವುದಿಲ್ಲ, ತಿಂಗಳು ಅಂದರೆ ಬೇಸರ ಬರುತ್ತದೆ. ಎರಡು ವಾರ ಸರಿ. ಊರಿನ ಹಿರಿಯರಿಗೆ ಈ ಲೆಕ್ಕ ಬಾಯಿಪಾಠ ಇರುವುದರಿಂದ ಮನೆಯಲ್ಲೂ ಮಾತು ಮುಂದುವರಿಯುತ್ತದೆ.

ಒಂದು ದೊಡ್ಡ ಡ್ರಾಯಿಂಗ್ ಹಾಳೆ ತಂದು ಮೂರು ಅಂಕಣ ಹಾಕಿದೆ. ಮೊದಲನೆಯದು ಆ ಎರಡು ವಾರದಲ್ಲಿ ಹೊರಗೆ ಏನು ಕಾಣುತ್ತದೆ. ಎರಡನೆಯದು ಪುಸ್ತಕದ ಯಾವ ಪಾಠ, ಯಾವ ಚಟುವಟಿಕೆ ಅದಕ್ಕೆ ಕೂಡುತ್ತದೆ. ಮೂರನೆಯದು ಮುಂಚೆಯೇ ಏನು ಕೂಡಿಸಿಡಬೇಕು. ಈ ಮೂರನೇ ಅಂಕಣ ಇಲ್ಲದ ಯೋಜನೆ ನನ್ನ ಪ್ರಕಾರ ಯೋಜನೆಯೇ ಅಲ್ಲ. ಖಾಲಿ ಬಾಟಲಿ ಬೇಕು ಅಂತ ಆ ದಿನ ಬೆಳಿಗ್ಗೆ ನೆನಪಾದರೆ ಪಾಠ ಹಲಗೆಯ ಮೇಲಿನ ಚಿತ್ರಕ್ಕೆ ಮುಗಿಯುತ್ತದೆ.

ಮೂರು ತರಗತಿ ಒಟ್ಟಿಗೆ ಇರುವಾಗ ಮೂರು ಪಾಠ ಮಾಡಲು ಆಗುವುದಿಲ್ಲ. ವಿಷಯ ಒಂದೇ ಇಟ್ಟುಕೊಂಡೆ, ಕೆಲಸ ಬೇರೆ ಮಾಡಿದೆ. ಒಂದನೆಯವರು ನೋಡಿ ಚಿತ್ರ ಬರೆಯಬೇಕು, ಹೆಸರು ಹೇಳಬೇಕು. ಎರಡನೆಯವರು ಗುಂಪು ಮಾಡಬೇಕು. ಮೂರನೆಯವರು ಅಳೆಯಬೇಕು, ಎಣಿಸಬೇಕು, ಯಾಕೆ ಅಂತ ಕೇಳಬೇಕು. ಅದೇ ಮಗು ಮೂರು ವರ್ಷ ಅದೇ ಮಿರಗ ನೋಡುತ್ತದೆ, ಪ್ರತಿ ಸಲ ಬೇರೆ ಕೆಲಸದ ಜೊತೆ.

ಮಿರಗದಲ್ಲಿ ಮೊದಲ ಹದ ಮಳೆ ಬಿದ್ದ ಮರುದಿನ ಕೆಂಪು ಮಖಮಲ್ಲಿನಂಥ ಹುಳಗಳು ನೆಲದ ಮೇಲೆ ಬರುತ್ತವೆ, ನೋಡಿರುತ್ತೀರಿ. ಮಕ್ಕಳು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬರುತ್ತಾರೆ. ಅವನ್ನು ಎಸೆಯಿರಿ ಅನ್ನುವ ಬದಲು ಬಿಳಿ ಹಾಳೆಯ ಮೇಲೆ ಬಿಟ್ಟು ಕಾಲು ಎಣಿಸಿ ಅಂದೆ. ಪಕ್ಕದಲ್ಲಿ ಒಂದು ಇರುವೆ. "ಟೀಚರ್, ಇದಕ ಎಂಟ ಕಾಲ ಅದಾವ್ರಿ, ಇರುವಿಗೆ ಆರ ಅದಾವು" ಅಂತ ಒಬ್ಬಳು ಕೂಗಿದಳು. ಅಲ್ಲಿಂದ ಎರಡು ವಾರ ಕಾಲು ಎಣಿಸಿದ್ದೇ ಎಣಿಸಿದ್ದು. ಜೇಡಕ್ಕೆ ಎಂಟು, ಚೇಳಿಗೆ ಎಂಟು, ಮಿಡತೆಗೆ ಆರು. ಎಂಟು ಕಾಲಿನವು ಒಂದು ಬಳಗ, ಆರು ಕಾಲಿನವು ಇನ್ನೊಂದು, ಹಾಗಾಗಿ ಈ ಕೆಂಪು ಹುಳ ಜೇಡದ ಕಡೆಯದು. ಕೀಟ, ಸಂಧಿಪದಿ ಅನ್ನುವ ಮಾತು ತರಲೇ ಇಲ್ಲ. ಹುಳಗಳನ್ನು ಸಂಜೆಯೊಳಗೆ ಹೊಲಕ್ಕೆ ಬಿಡಬೇಕು ಅನ್ನುವುದು ನಿಯಮ. (ಚೇಳನ್ನು ಯಾರೂ ಹಿಡಿದು ತರಬಾರದು ಅಂತ ಬೇರೆಯಾಗಿ ಹೇಳಬೇಕಾಯಿತು.)

ಮಳೆ ಅಳೆಯುವ ಬಾಟಲಿಯನ್ನೂ ಜೂನ್‌ನಲ್ಲೇ ಹೂಡಬೇಕು. ಗೋಡೆ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ಆರಿಸಿ. ಮೇಲ್ಭಾಗ ಕತ್ತರಿಸಿ ಬೋರಲು ಹಾಕಿದರೆ ಅದೇ ಲಾಳಿಕೆ. ಬಾಟಲಿಯ ತಳ ಉಬ್ಬುತಗ್ಗು ಇರುತ್ತದೆ, ಆದ್ದರಿಂದ ಸಣ್ಣ ಕಲ್ಲು ಹಾಕಿ, ನೇರ ಗೋಡೆ ಶುರುವಾಗುವ ತನಕ ನೀರು ತುಂಬಿ, ಅಲ್ಲಿಗೆ ಸೊನ್ನೆ ಗೆರೆ ಎಳೆಯಿರಿ. ಮರದ ಕೆಳಗೆ, ಸೂರಿನ ಕೆಳಗೆ ಇಡಬೇಡಿ. ನಲಿ-ಕಲಿ ಕೋಣೆಯಲ್ಲಿ ಹವಾಮಾನ ನಕ್ಷೆ ಹೇಗೂ ಇರುತ್ತದೆ. ಬಿಸಿಲು, ಮೋಡ, ಮಳೆ ಅಂತ ದಿನಾ ಗುರುತು ಹಾಕುವ ಆ ನಕ್ಷೆಯ ಪಕ್ಕದಲ್ಲೇ ಮೂರನೆಯವರು ಮಿಲಿಮೀಟರ್ ಬರೆಯುತ್ತಾರೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಮೀಟರ್ ಚೌಕ ಬರೆದು ಲೀಟರ್ ನೀರು ಸುರಿದು ತೋರಿಸಿದರೆ ಅದು ಪಕ್ಕಾ ಕೂರುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಪಾಠ. ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಎತ್ತು ಮಾಡಲು ಮಕ್ಕಳು ಎರೆ (ಕಪ್ಪು) ಮಣ್ಣೇ ತರುತ್ತಾರೆ, ಮಸಾರಿ (ಕೆಂಪು) ಮಣ್ಣು ತರುವುದಿಲ್ಲ. ಯಾಕೆ? ಎರಡರಲ್ಲೂ ಎತ್ತು ಮಾಡಿಸಿದೆ. ಮಸಾರಿಯ ಎತ್ತಿನ ಕೋಡು ನಿಲ್ಲಲಿಲ್ಲ, ಒಣಗಿದ ಮೇಲೆ ಎರೆಯ ಎತ್ತು ಬಿರುಕು ಬಿಟ್ಟಿತು. ಬಾಟಲಿಯಲ್ಲಿ ನೀರು ಮಣ್ಣು ಹಾಕಿ ಕುಲುಕಿ ಇಟ್ಟರೆ ಮಸಾರಿಯ ಮರಳು ಬೇಗ ತಳಕ್ಕೆ ಕೂರುತ್ತದೆ, ಎರೆಯ ನೀರು ಮರುದಿನವೂ ಕದಡಿಕೊಂಡೇ ಇರುತ್ತದೆ. ಎರೆಯ ಕಣ ಬಹಳ ಸಣ್ಣದು, ನೀರು ಹಿಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ ಅದಕ್ಕೇ, ಹಿಂಗಾರಿ ಜೋಳ ಮಳೆ ಇಲ್ಲದೆಯೂ ಉಳಿದ ತೇವದಲ್ಲಿ ಬೆಳೆಯುವುದೂ ಅದಕ್ಕೇ. ಈ ಎರಡನೇ ಮಾತನ್ನು ನಾನು ಹೇಳಲಿಲ್ಲ. ಒಬ್ಬ ಹುಡುಗನ ಅಜ್ಜ ಶಾಲೆಗೆ ಬಂದು ಹೇಳಿದರು. "ಅಜ್ಜಾರ, ಸ್ವಲ್ಪ ಕುಂದ್ರ್ರಿ, ಮಕ್ಕಳಿಗೆ ಇನ್ನೊಮ್ಮೆ ಹೇಳ್ರಿ" ಅಂದೆ. ನನಗಿಂತ ಚೆನ್ನಾಗಿ ಹೇಳಿದರು.

ನಾಗರ ಪಂಚಮಿಗೆ ಎರಡು ವಿಷಯ ಇಟ್ಟೆ, ಜೋಕಾಲಿ ಮತ್ತು ಹಾವು. ಜೋಕಾಲಿ ಸುಲಭ. ದಾರಕ್ಕೆ ಕಲ್ಲು ಕಟ್ಟಿ ತೂಗಿಸಿ, ಒಂದು ನಿಮಿಷಕ್ಕೆ ಎಷ್ಟು ಸಲ ಹೋಗಿ ಬಂತು ಅಂತ ಎಣಿಸಿ. ಕಲ್ಲು ದೊಡ್ಡದು ಮಾಡಿದರೂ ಎಣಿಕೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ, ದಾರ ಉದ್ದ ಮಾಡಿದರೆ ನಿಧಾನವಾಗುತ್ತದೆ. ಹಾವಿನ ಪಾಠಕ್ಕೆ ಜಾಸ್ತಿ ಎಚ್ಚರ ಬೇಕು. ಹಾಲೆರೆಯುವುದು ಮನೆಯ ನಂಬಿಕೆ, ಅದನ್ನು ಗೇಲಿ ಮಾಡಿದರೆ ಮಗು ಮನೆಗೂ ಶಾಲೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಹಾವು ಇಲಿ, ಕಪ್ಪೆ ತಿಂದು ಬದುಕುವ ಪ್ರಾಣಿ, ಹಾಲು ಅದರ ಆಹಾರ ಅಲ್ಲ, ಅಷ್ಟೇ ಹೇಳಿ ಮುಂದೆ ಹೋದೆ. ನನಗೆ ಮುಖ್ಯವಾಗಿದ್ದು ಬೇರೆ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕು ವಿಷದ ಹಾವುಗಳನ್ನು ಚಿತ್ರದಲ್ಲಿ ಗುರುತಿಸಬೇಕು, ಕಂಡರೆ ದೂರ ಸರಿದು ದೊಡ್ಡವರನ್ನು ಕರೆಯಬೇಕು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಓಡದೆ, ಕಚ್ಚಿದ ಕಾಲು ಅಲುಗಾಡಿಸದೆ ಬೇಗ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹೊಲಕ್ಕೆ ಹೋಗುವ ಮಕ್ಕಳಿಗೆ ಇದು ಆಗಸ್ಟ್ ಒಳಗೆ ಗೊತ್ತಿರಲೇಬೇಕು.

ನೆರಳಿನ ಪಾಠಕ್ಕೂ ಆಗಸ್ಟೇ. ಕೊಪ್ಪಳ ಜಿಲ್ಲೆಯಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೇರ ಬರುತ್ತಾನೆ, ಮೇ ಮೊದಲ ವಾರ ಒಮ್ಮೆ, ಆಗಸ್ಟ್ 10ರ ಆಸುಪಾಸು ಇನ್ನೊಮ್ಮೆ. ಮೇ ತಿಂಗಳಲ್ಲಿ ರಜೆ. ಆಗಸ್ಟ್‌ನಲ್ಲಿ ಮೋಡ ಬಿಟ್ಟುಕೊಟ್ಟರೆ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಮೋಡ ಮುಚ್ಚಬಹುದು ಅಂತ ಮೊದಲೇ ಒಂದು ವಾರದ ಅವಕಾಶ ಇಟ್ಟುಕೊಳ್ಳಿ. ಒಂದೆರಡು ದಿನ ಹಿಂದೆ ಮುಂದೆ ಆದರೂ ನೆರಳು ಬೆರಳಷ್ಟೂ ಇರುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತು. ಮರುದಿನದಿಂದ ಮಕ್ಕಳಿಗೆ ಬೇರೆ ಮಾತೇ ಇಲ್ಲ. ಮನೆಯಲ್ಲಿ ಟಿವಿ, ಮೊಬೈಲ್ ಎಲ್ಲದರಲ್ಲೂ ಅದೇ. ಹಾಳೆಯಲ್ಲಿ ಆ ಎರಡು ವಾರಕ್ಕೆ ಬೇರೆ ಏನೋ ಇತ್ತು, ಅದನ್ನು ಮುಂದಕ್ಕೆ ತಳ್ಳಿದೆ. ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿದರೆ ಕೆಳಗಿನ ತೂತಿನ ನೀರು ಜೋರಾಗಿ ಹಾರುತ್ತದೆ. ಒಂದು ಕಿವಿಮಾತು: ಬಾಟಲಿಯನ್ನು ನೆಲದ ಮೇಲೆ ಇಡಬೇಡಿ. ಕೆಳಗಿನ ಧಾರೆ ದೂರ ಹೋಗುವ ಮೊದಲೇ ನೆಲಕ್ಕೆ ಬಡಿದು, ನಡುವಿನದೇ ದೂರ ಹೋದಂತೆ ಕಾಣುತ್ತದೆ. ಎತ್ತರದ ಕಟ್ಟೆಯ ಅಂಚಿನಲ್ಲಿ ಇಡಿ. 33 ಗೇಟ್‌ಗಳನ್ನೂ ತೆರೆದು ನೀರು ಯಾಕೆ ಬಿಟ್ಟರು ಅಂತ ಕೇಳಿದಾಗ ಮೂರನೆಯವರು ಬಾಟಲಿ ತೋರಿಸಿ, ನೀರು ಇಳಿದರೆ ಒತ್ತಡವೂ ಇಳಿಯುತ್ತದೆ ಅಂತ ಉತ್ತರ ಹೇಳಿದರು. ಅಣೆಕಟ್ಟಿನ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಗೇಟಿನ ಜಾಗ ಮುಚ್ಚುವ ಉಕ್ಕಿನ ತಡೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದ ಮೇಲೆ ಕೆಲವು ದಿನ ಎಲ್ಲರೂ ಎಂಜಿನಿಯರೇ. ಇಂಥದ್ದು ಬರುತ್ತದೆ ಅಂತ ಹಾಳೆಯಲ್ಲಿ ಪ್ರತಿ ಎರಡು ತಿಂಗಳಿಗೆ ಒಂದು ವಾರ ಖಾಲಿ ಬಿಡುತ್ತೇನೆ. ಏನೂ ಬರದಿದ್ದರೆ ಹಿಂದುಳಿದ ಮಕ್ಕಳಿಗೆ ಆ ವಾರ.

ದಸರಾ ರಜೆಗೆ ಮನೆಗೆಲಸ ಅಂತ ಪ್ರಾಜೆಕ್ಟ್ ಕೊಡುವುದಿಲ್ಲ. ನವರಾತ್ರಿಗೆ ಘಟ್ಟ ಹಾಕುವ ಮನೆಗಳಲ್ಲಿ ಮಣ್ಣಿನಲ್ಲಿ ಕಾಳು ಹಾಕುತ್ತಾರೆ, ಒಂಬತ್ತು ದಿನದಲ್ಲಿ ಸಸಿ ಎತ್ತರ ಬರುತ್ತದೆ. ದೇವರ ಕೋಣೆಯ ಕತ್ತಲಲ್ಲಿ ಬೆಳೆದ ಆ ಸಸಿ ಹಳದಿ, ತೆಳ್ಳಗೆ, ಉದ್ದ. ಅದೇ ಕಾಳನ್ನು ತೆಂಗಿನ ಚಿಪ್ಪಿನಲ್ಲಿ ಹಾಕಿ ಬೆಳಕಿಗೆ ಇಟ್ಟರೆ ಹಸಿರು, ಗಿಡ್ಡ, ಗಟ್ಟಿ. ದಿನಾ ದಾರದಿಂದ ಎತ್ತರ ಅಳೆದು ಆ ದಾರವನ್ನು ನೋಟ್‌ಬುಕ್ಕಿಗೆ ಅಂಟಿಸಿಕೊಂಡು ಬನ್ನಿ ಅಂತ ಹೇಳಿ ಕಳಿಸಿದೆ. ಘಟ್ಟ ಹಾಕದ ಮನೆಯ ಮಕ್ಕಳು ಎರಡು ಚಿಪ್ಪು ಇಟ್ಟರೆ ಆಯಿತು, ಒಂದು ಪುಟ್ಟಿಯ ಕೆಳಗೆ, ಒಂದು ಬಿಸಿಲಿಗೆ.

ಇನ್ನು ನಮ್ಮ ಕಡೆಯ ಯಾವ ಯೋಜನೆಯೂ ಮರೆಯಬಾರದ ವಿಷಯ ಗುಳೆ. ಸುಗ್ಗಿ ಮುಗಿಯುತ್ತ ಬಂದಂತೆ ಕೆಲವು ಮನೆಯವರು ಕೂಲಿಗೆ ಬೆಂಗಳೂರು ಕಡೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಊರಲ್ಲಿ ಇರುವವರೂ ಶಾಲೆ ತಪ್ಪಿಸುತ್ತಾರೆ. ಹಾಗಾಗಿ ಬದುಕಿಗೆ ಬೇಕೇಬೇಕಾದ ಪಾಠಗಳನ್ನೆಲ್ಲ ದೀಪಾವಳಿ ಒಳಗೆ ಮುಗಿಸುತ್ತೇನೆ. ಹಾವು, ಕೈ ತೊಳೆಯುವುದು, ನೀರು, ಆಹಾರ. ಡಿಸೆಂಬರ್ ಮೇಲೆ ಇಡುವುದು ತಪ್ಪಿದರೂ ಮುಂದಿನ ವರ್ಷ ಹಿಡಿಯಬಹುದಾದದ್ದನ್ನು.

ನೀರಿನ ಪಾಠದ ಬಗ್ಗೆ ಒಂದು ಮಾತು ಹೇಳಲೇಬೇಕು. ಕುಷ್ಟಗಿ, ಯಲಬುರ್ಗಾ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಒಳ್ಳೆಯದಲ್ಲ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಬರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಈಗ ಸ್ವಚ್ಛತೆಯ ಪಾಠದಲ್ಲಿ "ಹಲ್ಲು ಉಜ್ಜದವರ ಹಲ್ಲು ಹಳದಿ" ಅಂತ ಹೇಳಿಬಿಟ್ಟರೆ ಆ ಮಕ್ಕಳಿಗೆ ಎಷ್ಟು ಅವಮಾನ! ನಾನು ಅದನ್ನು ತಿರುಗಿಸಿ ಹೇಳುತ್ತೇನೆ: ಕಲೆ ನಿಮ್ಮ ತಪ್ಪಲ್ಲ, ನೀರಿನದು. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತದೆ, ಕುದಿಸಿದರೆ ರೋಗದ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಎರಡಕ್ಕೂ ಹೋಗುವುದಿಲ್ಲ. ತೋರಿಸಲು ಉಪ್ಪು ಸಾಕು. ಉಪ್ಪು ಕರಗಿಸಿದ ನೀರನ್ನು ಸೋಸಿ, ಕುದಿಸಿ, ಆರಿಸಿ ರುಚಿ ನೋಡಿ ಅಂದರೆ ಮುಖ ಹಿಂಡುತ್ತಾರೆ. ಕಣ್ಣಿಗೆ ತಿಳಿಯಾಗಿ ಕಂಡ ನೀರಲ್ಲೂ ಏನೋ ಇರಬಹುದು ಅಂತ ಒಂದನೆಯವರಿಗೂ ತಿಳಿಯಿತು. ಕುಡಿಯಲು ಶುದ್ಧ ನೀರಿನ ಘಟಕದಿಂದಲೇ ತರಬೇಕು ಅನ್ನುವ ಮಾತು ಮನೆಗೆ ಹೋಯಿತು.

ಚಳಿಗಾಲದ ಭಾಗ ಬೇಗ ಹೇಳುತ್ತೇನೆ. ನವೆಂಬರ್‌ನಿಂದ ಆಕಾಶ ತಿಳಿ, ಆಗ ಚಂದ್ರ. ಅಮಾವಾಸ್ಯೆಯಿಂದ ಹುಣ್ಣಿಮೆ ತನಕ ದಿನಾ ಸಂಜೆ ನೋಡಿ ದುಂಡು ಬಳಿಯುವುದು. ಹುಣ್ಣಿಮೆ ಆದ ಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಚಿಕ್ಕ ಮಕ್ಕಳು ಮಲಗಿರುತ್ತಾರೆ, ಬೆಳಿಗ್ಗೆ ಶಾಲೆಗೆ ಬರುವಾಗ ಪಶ್ಚಿಮಕ್ಕೆ ನೋಡಿಸಿ. ಗುಳೆ ಹೋದವರಿಗೂ ಚಂದ್ರ ಅವನೇ, ಅದಕ್ಕೆ ಇದನ್ನು ಅವರ ನೋಟ್‌ಬುಕ್ಕಿನಲ್ಲೂ ಬರೆದು ಕಳಿಸುತ್ತೇನೆ. ಎಳ್ಳ ಅಮಾವಾಸ್ಯೆಗೆ ಹೇಗೂ ಎಲ್ಲ ಹೊಲದಲ್ಲಿ ಇರುತ್ತಾರೆ, ಜೋಳ, ಕಡಲೆ ಗಿಡದ ಬೇರು ಕಿತ್ತು ಹೋಲಿಸುವುದು ಅಲ್ಲೇ. ಜನವರಿಯಲ್ಲಿ ಹಳೆಯ ರೇಡಿಯೊ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಳ್ಳದ ಮರಳಿನಲ್ಲಿ ಆಡಿಸುವುದು, ಕಪ್ಪು ಕಣ ಮುಳ್ಳಿನ ಹಾಗೆ ಎದ್ದು ಅಂಟುತ್ತವೆ. ಚೀಲ ತೆಗೆದರೆ ಎಲ್ಲ ಉದುರುತ್ತದೆ.

ಮಾರ್ಚ್, ಏಪ್ರಿಲ್‌ಗೆ ಬಿಸಿಲೇ ಪಾಠ. ಮಣ್ಣಿನ ಗಡಿಗೆ, ಸ್ಟೀಲ್ ಕೊಡ ಎರಡರಲ್ಲೂ ನೀರು ತುಂಬಿ ನೆರಳಿಗೆ ಇಟ್ಟು, ಮಧ್ಯಾಹ್ನ ಮುಟ್ಟಿ ನೋಡುವುದು. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಬಿಸಿ ತೆಗೆದುಕೊಂಡು ಹೋಗುತ್ತದೆ. ಕೈಗೆ ನೀರು ಸವರಿ ಊದಿಕೊಂಡರೆ ಅದೇ ತಂಪು ಅವರಿಗೇ ಗೊತ್ತಾಗುತ್ತದೆ. ಬಿಸಿಲು ಏರುವ ಮೊದಲೇ ಹೊರಗಿನ ಕೆಲಸ ಮುಗಿಸಬೇಕು.

ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವವರು) ಸರ್ ಬಂದಾಗ "ಟೀಚರ್, ಪಾಠ ಹಿಂದ ಮುಂದ ಆಗ್ಯಾವಲ್ರಿ?" ಅಂತ ಕೇಳಿದರು. ನ್ಯಾಯದ ಪ್ರಶ್ನೆಯೇ. ಇಲಾಖೆಯ ನಮೂನೆಯಲ್ಲಿ ಬೇರೆ ಪ್ರತಿ ಬರೆದಿದ್ದೆ, ಪ್ರತಿ ಪಾಠದ ಎದುರು ಯಾವ ತಿಂಗಳು ಮುಗಿಯುತ್ತದೆ ಅಂತ ಹಾಕಿದ್ದೆ, ಕಲಿಕಾಂಶ ಒಂದೂ ಬಿಟ್ಟಿರಲಿಲ್ಲ. ಮೌಲ್ಯಮಾಪನಕ್ಕೆ ಮಕ್ಕಳ ನೋಟ್‌ಬುಕ್, ದಾರ ಅಂಟಿಸಿದ ಹಾಳೆ, ಮಳೆ ಪಟ್ಟಿ ಇಟ್ಟೆ. ನೋಡಿ ಸಹಿ ಮಾಡಿದರು. ಕ್ರಮ ಬದಲಿಸುವವರು ಈ ಎರಡನೇ ಪ್ರತಿಯನ್ನು ಜೂನ್‌ನಲ್ಲೇ ಬರೆದಿಟ್ಟುಕೊಳ್ಳಿ.

ಖರ್ಚು ಹೆಚ್ಚಿಲ್ಲ. ಬಾಟಲಿ, ದಾರ, ಚಿಪ್ಪು, ಗಡಿಗೆ, ಒಂದು ಭೂತಗನ್ನಡಿ. ಭೂತಗನ್ನಡಿ ಒಂದೇ ಇದ್ದರೆ ಜಗಳ, ಸಾಧ್ಯವಾದರೆ ಎರಡು ಮೂರು ತನ್ನಿ. ಥರ್ಮೋಕೋಲಿನ ಸೌರಮಂಡಲ, ಬಣ್ಣದ ಚಾರ್ಟು ನಾನು ಮಾಡಿಸುವುದಿಲ್ಲ. ಅದನ್ನು ಮಾಡುವುದು ಅಪ್ಪ ಅಮ್ಮ, ಇಲ್ಲವೇ ಕುಷ್ಟಗಿಯ ಸ್ಟೇಷನರಿ ಅಂಗಡಿಯವರು.