ಬಿಲ್ ಕೊಟ್ಟು ತಿಂಗಳುಗಳಾದರೂ ದುಡ್ಡು ಬಂದಿಲ್ಲವೇ? ಉದ್ಯಮ್ ನಂಬರ್ ಬಳಸಿಕೊಳ್ಳುವುದು ಹೀಗೆ

ಸಣ್ಣ ಉದ್ಯಮಕ್ಕೆ ಸರ್ಕಾರದ ನೆರವು ಅಂದಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಸಬ್ಸಿಡಿ ಎಷ್ಟು? ಕೇಳುವುದರಲ್ಲಿ ತಪ್ಪೇನಿಲ್ಲ. ಹೊಸದಾಗಿ ಘಟಕ ಶುರು ಮಾಡುವವರಿಗೆ ಸಬ್ಸಿಡಿ ಸಾಲದ ಪಿಎಂಇಜಿಪಿ ಯೋಜನೆ ಇದೆ, ಚಿಕ್ಕ ಸಾಲಕ್ಕೆ 2015ರಿಂದ ಮುದ್ರಾ ಯೋಜನೆ ಇದೆ. ಆದರೆ ಐದಾರು ವರ್ಷದಿಂದ ವರ್ಕ್‌ಶಾಪ್ ನಡೆಸುತ್ತಿರುವವರನ್ನು ಕೇಳಿ ನೋಡಿ. ಅವರ ಗೋಳು ಸಬ್ಸಿಡಿಯದ್ದಲ್ಲ. ಮಾಲು ಹೋಗಿದೆ, ಬಿಲ್ ಹೋಗಿದೆ, ಜಿಎಸ್‌ಟಿಯನ್ನೂ ಕೈಯಿಂದ ಕಟ್ಟಿಯಾಗಿದೆ. ಪಾರ್ಟಿಯಿಂದ, ಅಂದರೆ ಮಾಲು ಕೊಂಡವರಿಂದ, ದುಡ್ಡು ಮಾತ್ರ ಬಂದಿಲ್ಲ.

ಇದಕ್ಕೆ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಲ್ಲಿ ಗಟ್ಟಿಯಾದ ಉತ್ತರವಿದೆ: ಗಡುವಿನೊಳಗೆ ದುಡ್ಡು ಕೊಡಲೇಬೇಕು, ತಡವಾದರೆ ಬಡ್ಡಿ ಸಮೇತ. ನನ್ನ ಪ್ರಕಾರ ಸಣ್ಣ ಉದ್ಯಮಕ್ಕೆ ಸಿಕ್ಕಿರುವ ದೊಡ್ಡ ನೆರವೇ ಇದು. ಯಾವ ಸಬ್ಸಿಡಿಯೂ ಇದರ ಹತ್ತಿರ ಬರುವುದಿಲ್ಲ. ತೊಡಕು ಒಂದೇ. ದುಡ್ಡು ನಿಂತ ಮೇಲೆ ಓಡಾಡಿದರೆ ಇದು ಅರ್ಧ ಮಾತ್ರ ಕೆಲಸ ಮಾಡುತ್ತದೆ. ಮಾಲು ಕಳಿಸುವ ಮೊದಲೇ ಕಾಗದಪತ್ರ ಸರಿ ಇರಬೇಕು. ಹಾಗಾಗಿ ಮೊದಲಿಂದಲೇ ಶುರು ಮಾಡೋಣ.

ಹೆಜ್ಜೆ 1: ನೋಂದಣಿ ಮಾಡಿಸಿ, ವಿಭಾಗ ಸರಿಯಾಗಿ ಆರಿಸಿ

ಉದ್ಯಮ್ ಎಂದರೆ ಈ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ನೋಂದಣಿ, 2020ರ ಜುಲೈ 1ರಿಂದ ಜಾರಿಯಲ್ಲಿದೆ. ಪೂರ್ತಿ ಉಚಿತ. ಆಧಾರ್ ಮತ್ತು ಪಾನ್ ಸಾಕು. ಜಿಎಸ್‌ಟಿ ಕಡ್ಡಾಯವಾಗಿರುವವರು ಆ ನಂಬರನ್ನೂ ಕೊಡಬೇಕು. ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಾಗಿಲ್ಲ. ನೀವು ಹೇಳಿದ್ದನ್ನೇ ನಂಬಿ ನಂಬರ್ ಕೊಡುತ್ತಾರೆ, ಹೂಡಿಕೆ ಮತ್ತು ವಹಿವಾಟಿನ ಲೆಕ್ಕವನ್ನು ಆದಾಯ ತೆರಿಗೆ ಮತ್ತು ಜಿಎಸ್‌ಟಿ ದಾಖಲೆಗಳಿಂದ ತೆಗೆದುಕೊಳ್ಳುತ್ತಾರೆ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಎನ್ನಿಸುವ, ಆದರೆ ಶುಲ್ಕ ಕೇಳುವ ಜಾಲತಾಣಗಳು ಮೇಲೆಯೇ ಕಾಣಿಸಬಹುದು. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ. ನಿಜವಾದ ಪೋರ್ಟಲ್‌ನ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ.

ನೀವು ಸಣ್ಣವರೋ ದೊಡ್ಡವರೋ ಎಂಬುದು ಎರಡು ಲೆಕ್ಕದ ಮೇಲೆ ನಿಂತಿದೆ. 2025ರ ಏಪ್ರಿಲ್ 1ರಿಂದ ಮಿತಿಗಳು ಏರಿವೆ. ಯಂತ್ರೋಪಕರಣದ ಹೂಡಿಕೆ 2.5 ಕೋಟಿ ರೂಪಾಯಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ದಾಟದಿದ್ದರೆ ಅದು ಮೈಕ್ರೋ, ಅಂದರೆ ಅತಿಸಣ್ಣ. 25 ಕೋಟಿ ಮತ್ತು 100 ಕೋಟಿಯವರೆಗೆ ಸಣ್ಣ. 125 ಕೋಟಿ ಮತ್ತು 500 ಕೋಟಿಯವರೆಗೆ ಮಧ್ಯಮ. ಎರಡರಲ್ಲಿ ಒಂದು ದಾಟಿದರೂ ಮೇಲಿನ ವರ್ಗಕ್ಕೆ ಹೋಗುತ್ತೀರಿ. ಜಾಗ, ಕಟ್ಟಡದ ಬೆಲೆ ಹೂಡಿಕೆಯಲ್ಲಿ ಸೇರುವುದಿಲ್ಲ. ರಫ್ತಿನ ಮೊತ್ತ ವಹಿವಾಟಿನಲ್ಲಿ ಸೇರುವುದಿಲ್ಲ.

ಇಲ್ಲಿ ಎರಡು ವಿಷಯ ಮನಸ್ಸಿನಲ್ಲಿರಲಿ. ಬಾಕಿ ವಸೂಲಿಯ ಈ ಕಾನೂನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಮಾತ್ರ. ಮಧ್ಯಮ ವರ್ಗದ ಉದ್ಯಮಕ್ಕೆ ಇಲ್ಲ. ಎರಡನೆಯದು ಇನ್ನೂ ಮುಖ್ಯ. ನೋಂದಣಿ ಫಾರಂನಲ್ಲಿ ತಯಾರಿಕೆ, ಸೇವೆ, ವ್ಯಾಪಾರ ಎಂದು ವಿಭಾಗ ಕೇಳುತ್ತದೆ. 2021ರ ಜುಲೈನಲ್ಲಿ ಚಿಲ್ಲರೆ, ಸಗಟು ವ್ಯಾಪಾರಿಗಳನ್ನೂ ಉದ್ಯಮ್‌ಗೆ ಸೇರಿಸಿಕೊಂಡರು. ಆದರೆ ಅವರಿಗೆ ಕೊಟ್ಟದ್ದು ಬ್ಯಾಂಕಿನ ಆದ್ಯತಾ ಸಾಲದ ಅನುಕೂಲ ಮಾತ್ರ. ನೀವೇ ಮಾಲು ತಯಾರಿಸುವವರಾಗಿದ್ದು, ಸೈಬರ್ ಸೆಂಟರ್‌ನವರು ಅವಸರದಲ್ಲಿ ‘ವ್ಯಾಪಾರ’ ಎಂದು ಒತ್ತಿಬಿಟ್ಟರೆ ಮುಂದೆ ಪಾರ್ಟಿಯ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಈಗಲೇ ಸರ್ಟಿಫಿಕೇಟ್ ತೆಗೆದು ನೋಡಿ. ತಪ್ಪಿದ್ದರೆ ಅದೇ ಪೋರ್ಟಲ್‌ನಲ್ಲಿ ತಿದ್ದಬಹುದು, ಅದಕ್ಕೂ ಶುಲ್ಕ ಇಲ್ಲ.

ನೋಂದಣಿ ಯಾವಾಗ ಆಗಿರಬೇಕು? ಮಾಲು ಕಳಿಸುವ ಮುಂಚೆ, ಸಾಧ್ಯವಾದರೆ ಆರ್ಡರ್ ಒಪ್ಪಿಕೊಳ್ಳುವ ಮುಂಚೆ. ಆಮೇಲೆ ನೋಂದಣಿ ಮಾಡಿಸಿದರೆ ಹಳೆಯ ಬಿಲ್‌ಗೆ ಈ ಲಾಭ ಇಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. 2025ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಇದರ ಬಗ್ಗೆ ಬೇರೆ ನೋಟ ಇಟ್ಟು ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಿತು. ಈ ಜಗಳದಲ್ಲಿ ನಿಮ್ಮ ಬಿಲ್ ಯಾಕೆ ಸಿಕ್ಕಿಕೊಳ್ಳಬೇಕು ಹೇಳಿ?

ಹೆಜ್ಜೆ 2: ಬಿಲ್ ಮೇಲೆಯೇ ಎಲ್ಲ ಬರೆಯಿರಿ

ಉದ್ಯಮ್ ನಂಬರ್, ನಿಮ್ಮ ವರ್ಗ (ಅತಿಸಣ್ಣ ಅಥವಾ ಸಣ್ಣ), ತಯಾರಿಕೆಯೋ ಸೇವೆಯೋ ಎಂಬುದು, ಈ ಮೂರೂ ಪ್ರತಿ ಇನ್‌ವಾಯ್ಸ್ ಮೇಲೆ ಅಚ್ಚಾಗಲಿ. ಲೆಟರ್‌ಹೆಡ್ ಮೇಲೂ ಇರಲಿ. ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ಪ್ರತಿಯನ್ನು ಪಾರ್ಟಿಯ ಅಕೌಂಟ್ಸ್ ವಿಭಾಗಕ್ಕೆ ಈಮೇಲ್ ಮಾಡಿ. ಆಗ ‘ನೀವು ಎಂಎಸ್‌ಎಂಇ ಅಂತ ನಮಗೆ ಗೊತ್ತೇ ಇರಲಿಲ್ಲ’ ಎನ್ನುವ ಮಾತಿಗೆ ಜಾಗ ಇರುವುದಿಲ್ಲ.

ಪರ್ಚೇಸ್ ಆರ್ಡರ್ ಬರಹದಲ್ಲೇ ಬರಲಿ. ಫೋನಿನಲ್ಲಿ ಬಂದರೆ ‘ನೀವು ಹೇಳಿದ ಪ್ರಕಾರ ಇಷ್ಟು ಮಾಲು, ಇಷ್ಟು ದರ’ ಎಂದು ನೀವೇ ಒಂದು ಈಮೇಲ್ ಕಳಿಸಿ. ಡೆಲಿವರಿ ಚಲನ್ ಮೇಲೆ ತಾರೀಖು, ಸಹಿ, ಸೀಲು ಬೇಕೇ ಬೇಕು. ಡ್ರೈವರ್ ಸುಮ್ನೆ ಮಾಲು ಇಳಿಸಿ ಬಂದರೆ ಸಾಲದು. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಆ ಒಂದು ತಾರೀಖಿನ ಮೇಲೆ.

ಹೆಜ್ಜೆ 3: ದಿನ ಎಣಿಸುವುದು

ಕಾಯ್ದೆಯ 15ನೇ ಸೆಕ್ಷನ್ ಹೇಳುವುದು ಇಷ್ಟು. ಬರಹದ ಒಪ್ಪಂದ ಇದ್ದರೆ ಅದರಲ್ಲಿರುವ ದಿನಕ್ಕೆ ದುಡ್ಡು ಕೊಡಬೇಕು, ಆದರೆ ಅದು 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಎಣಿಕೆ ಶುರುವಾಗುವುದು ಮಾಲು ತಲುಪಿದ ದಿನದಿಂದ ಅಥವಾ ಸೇವೆ ಮುಗಿದ ದಿನದಿಂದ.

ಪಾರ್ಟಿಯವರ ಆರ್ಡರ್‌ನಲ್ಲಿ ‘90 ದಿನ ಕ್ರೆಡಿಟ್’ ಎಂದು ಅಚ್ಚಾಗಿರುತ್ತದೆ, ನಾವು ಸಹಿಯನ್ನೂ ಹಾಕಿರುತ್ತೇವೆ. ಹಾಗಿದ್ದರೆ ಮುಗಿಯಿತು ಎಂದು ತುಂಬ ಜನ ಕೈಚೆಲ್ಲುತ್ತಾರೆ. ಮುಗಿದಿಲ್ಲ. ಈ ಕಾಯ್ದೆ ಬೇರೆ ಕಾನೂನುಗಳಿಗಿಂತ ಮೇಲೆ ನಿಲ್ಲುತ್ತದೆ ಎಂದು 24ನೇ ಸೆಕ್ಷನ್ ಹೇಳುತ್ತದೆ. 90 ದಿನ ಎಂದು ಬರೆದಿದ್ದರೂ ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು 45 ದಿನವನ್ನೇ. ಏಪ್ರಿಲ್ 1ಕ್ಕೆ ಮಾಲು ತಲುಪಿದ್ದರೆ ಮೇ 16 ಕೊನೆಯ ದಿನ. ಬರಹದಲ್ಲಿ ಏನೂ ಇಲ್ಲದಿದ್ದರೆ ಏಪ್ರಿಲ್ 16.

ಮಾಲು ಸರಿ ಇಲ್ಲ ಎಂದು ಪಾರ್ಟಿ ತಕರಾರು ತೆಗೆದರೆ? ತೆಗೆಯಬಹುದು, ಆದರೆ ಬರಹದಲ್ಲಿ, ಮಾಲು ತಲುಪಿದ 15 ದಿನದ ಒಳಗೆ. ಆಗ ಆ ತಕರಾರನ್ನು ನೀವು ಬಗೆಹರಿಸಿದ ದಿನದಿಂದ ಎಣಿಕೆ ಶುರು. 15 ದಿನ ಸುಮ್ಮನಿದ್ದರೆ ಮಾಲು ಒಪ್ಪಿಕೊಂಡಂತೆಯೇ. ಆರು ತಿಂಗಳ ಮೇಲೆ ದುಡ್ಡು ಕೇಳಿದಾಗ ‘ಕ್ವಾಲಿಟಿ ಸರಿ ಇರಲಿಲ್ಲ’ ಅನ್ನುವುದು ಹಳೇ ಆಟ. ಅದಕ್ಕೆ ಇದೇ ಉತ್ತರ.

ಗಡುವು ದಾಟಿದರೆ ಬಡ್ಡಿ ಓಡಲು ಶುರು. ಅದು ಮಾಮೂಲಿ ಬಡ್ಡಿಯಲ್ಲ. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಪ್ರತಿ ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದೆ ಎಂದುಕೊಳ್ಳಿ, ನಿಮಗೆ ಬರಬೇಕಾದ ಬಡ್ಡಿ ಶೇ 16.5. ನಾಲ್ಕು ಲಕ್ಷದ ಬಿಲ್ ಆರು ತಿಂಗಳು ತಡವಾದರೆ ಬಡ್ಡಿಯೇ ಸುಮಾರು 34 ಸಾವಿರ ರೂಪಾಯಿ. ಈ ಬಡ್ಡಿಯನ್ನು ಪಾರ್ಟಿ ತನ್ನ ಖರ್ಚು ಎಂದು ತೋರಿಸಿ ತೆರಿಗೆ ಉಳಿಸುವ ಹಾಗೂ ಇಲ್ಲ.

ಹೆಜ್ಜೆ 4: ಜಗಳಕ್ಕೆ ಮುಂಚೆ ಎರಡು ಮೆತ್ತಗಿನ ದಾರಿ

ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ಒಂದೇ ದೊಡ್ಡ ಗಿರಾಕಿಯನ್ನು ನಂಬಿ ಬದುಕುವವರಿಗೆ ಕಾನೂನಿನ ಪಾಠ ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಅದಕ್ಕೇ ಮೊದಲು ಇವನ್ನು ನೋಡಿ.

ಒಂದು, ತೆರಿಗೆಯ ದಾರಿ. 2023ರ ಬಜೆಟ್ ಆದಾಯ ತೆರಿಗೆ ಕಾಯ್ದೆಗೆ ಒಂದು ನಿಯಮ ಸೇರಿಸಿತು. ಆಡಿಟರ್‌ಗಳೆಲ್ಲ ಇದನ್ನು 43ಬಿ(ಎಚ್) ಎಂದು ಕರೆಯುತ್ತಾರೆ. ಅತಿಸಣ್ಣ, ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ಕೊಡದ ದುಡ್ಡನ್ನು ಖರೀದಿದಾರ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬೇಕು. ಅಂದರೆ ಮಾರ್ಚ್ 15ಕ್ಕೆ ಗಡುವು ಮುಗಿದ 10 ಲಕ್ಷದ ಬಿಲ್ ಮಾರ್ಚ್ 31ಕ್ಕೂ ಬಾಕಿ ಇದ್ದರೆ, ಆ 10 ಲಕ್ಷ ಅವರ ಆ ವರ್ಷದ ಲಾಭಕ್ಕೆ ಸೇರಿ ತೆರಿಗೆ ಬೀಳುತ್ತದೆ. ಹಾಗಾಗಿ ಫೆಬ್ರವರಿಯಲ್ಲೇ ಒಂದು ಸೌಮ್ಯವಾದ ಪತ್ರ ಕಳಿಸಿ: ಬಾಕಿ ಬಿಲ್‌ಗಳ ಪಟ್ಟಿ, ಗಡುವಿನ ತಾರೀಖು, ಉದ್ಯಮ್ ಪ್ರತಿ. ಪತ್ರದ ಒಂದು ಪ್ರತಿಯನ್ನು ಅವರ ಅಕೌಂಟ್ಸ್‌ನವರಿಗೂ ಹಾಕಿ. ಮಾಲೀಕರು ಕೇಳದ ಮಾತನ್ನು ಅವರ ಆಡಿಟರ್ ಕೇಳಿಸುತ್ತಾರೆ. ಈ ನಿಯಮ ಬಂದಾಗ ಕೆಲವು ಖರೀದಿದಾರರು ನೋಂದಣಿ ಇಲ್ಲದವರ ಹತ್ತಿರ ಹೋಗುತ್ತಿದ್ದಾರೆ ಎಂಬ ದೂರೂ ಕೇಳಿಬಂದಿತ್ತು. ಅದು ನಿಜವಾದ ಅಪಾಯ. ಆದರೂ ನೋಂದಣಿ ರದ್ದು ಮಾಡಿಸಿ ಎಂದು ಯಾರಾದರೂ ಒತ್ತಾಯ ಮಾಡಿದರೆ, ಆ ಪಾರ್ಟಿ ದುಡ್ಡು ಯಾವಾಗ ಕೊಡುತ್ತದೆ ಎಂಬುದು ಅಲ್ಲೇ ಗೊತ್ತಾಯಿತು ಅಲ್ವಾ?

ಎರಡು, ಟ್ರೆಡ್ಸ್. ಇದು ರಿಸರ್ವ್ ಬ್ಯಾಂಕ್ ಅನುಮತಿ ಪಡೆದ ಆನ್‌ಲೈನ್ ವೇದಿಕೆ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಮುಂತಾದವು ಇವೆ. ನಿಮ್ಮ ಬಿಲ್ ಅನ್ನು ಅಲ್ಲಿ ಹಾಕುತ್ತೀರಿ, ಪಾರ್ಟಿ ‘ಹೌದು, ಇಷ್ಟು ಕೊಡಬೇಕು’ ಎಂದು ಒಪ್ಪುತ್ತದೆ, ಬ್ಯಾಂಕುಗಳು ಆ ಬಿಲ್‌ಗೆ ಬಿಡ್ ಮಾಡುತ್ತವೆ. ಸ್ವಲ್ಪ ಬಡ್ಡಿ ಮುರಿದುಕೊಂಡು ನಿಮಗೆ ಬೇಗ ದುಡ್ಡು ಬರುತ್ತದೆ. ಬಡ್ಡಿ ನಿರ್ಧಾರವಾಗುವುದು ದೊಡ್ಡ ಪಾರ್ಟಿಯ ಹೆಸರಿನ ಮೇಲೆ, ಹಾಗಾಗಿ ನಿಮ್ಮ ಓಡಿ (ಬ್ಯಾಂಕ್ ಓವರ್‌ಡ್ರಾಫ್ಟ್) ಬಡ್ಡಿಗಿಂತ ಕಡಿಮೆ ಬೀಳುವ ಸಾಧ್ಯತೆ ಜಾಸ್ತಿ. ಆಮೇಲೆ ಪಾರ್ಟಿ ಕೊಡದಿದ್ದರೂ ಬ್ಯಾಂಕ್ ನಿಮ್ಮ ಬಾಗಿಲಿಗೆ ಬರುವಂತಿಲ್ಲ. 250 ಕೋಟಿ ರೂಪಾಯಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಮತ್ತು ಕೇಂದ್ರ ಸರ್ಕಾರಿ ಉದ್ಯಮಗಳು ಟ್ರೆಡ್ಸ್‌ಗೆ ಸೇರಲೇಬೇಕು ಎಂದು 2024ರ ನವೆಂಬರ್‌ನಲ್ಲಿ ಆದೇಶ ಬಂದಿದೆ. ಸೇರುವುದು ಕಡ್ಡಾಯ, ನಿಮ್ಮ ಬಿಲ್ ಒಪ್ಪುವುದು ಅವರ ಇಷ್ಟ. ವ್ಯವಸ್ಥೆಯ ದುರ್ಬಲ ಜಾಗ ಅದೇ.

ಈ ನಡುವೆ ಸಂಬಳ, ಕರೆಂಟ್ ಬಿಲ್‌ಗೆ ಸಾಲವೇ ಬೇಕಾದರೆ ಮನೆ ಪತ್ರ ಅಡವಿಡಲು ಓಡಬೇಡಿ. ಅತಿಸಣ್ಣ, ಸಣ್ಣ ಉದ್ಯಮಕ್ಕೆ 2026ರ ಏಪ್ರಿಲ್ 1ರಿಂದ ಮಂಜೂರಾಗುವ 20 ಲಕ್ಷದವರೆಗಿನ ಸಾಲಕ್ಕೆ (ಮುಂಚೆ ಈ ಮಿತಿ 10 ಲಕ್ಷ ಇತ್ತು) ಬ್ಯಾಂಕು ಅಡಮಾನ ಕೇಳುವಂತಿಲ್ಲ. ಅದಕ್ಕಿಂತ ಮೇಲಿನದಕ್ಕೆ ಸಿಜಿಟಿಎಂಎಸ್‌ಇ ಖಾತರಿ ಕೇಳಿ, ಅಂದರೆ ಅಡಮಾನದ ಬದಲು ಬ್ಯಾಂಕಿಗೆ ಸಿಗುವ ಸರ್ಕಾರಿ ಟ್ರಸ್ಟ್‌ನ ಖಾತರಿ. ಅದರ ಮಿತಿ 2025ರ ಏಪ್ರಿಲ್‌ನಿಂದ 10 ಕೋಟಿಗೆ ಏರಿದೆ.

ಹೆಜ್ಜೆ 5: ಕೌನ್ಸಿಲ್‌ಗೆ ದೂರು

ಇಷ್ಟಾದರೂ ದುಡ್ಡು ಬರದಿದ್ದರೆ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಇವನ್ನು ರಚಿಸುವುದು ರಾಜ್ಯ ಸರ್ಕಾರ. ದೊಡ್ಡ ಅನುಕೂಲ ಏನೆಂದರೆ, ಪಾರ್ಟಿ ದೆಹಲಿಯಲ್ಲಿರಲಿ, ಕೋಲ್ಕತ್ತಾದಲ್ಲಿರಲಿ, ಕೇಸ್ ನಡೆಯುವುದು ನಿಮ್ಮ ರಾಜ್ಯದ ಕೌನ್ಸಿಲ್‌ನಲ್ಲಿ. ನೀವು ಅಲೆಯಬೇಕಿಲ್ಲ, ಅವರು ಬರಬೇಕು.

ದೂರು ಆನ್‌ಲೈನ್. 2017ರಲ್ಲಿ ಸಮಾಧಾನ್ ಪೋರ್ಟಲ್ ಬಂತು, 2025ರಲ್ಲಿ ಆನ್‌ಲೈನಲ್ಲೇ ವ್ಯಾಜ್ಯ ಬಗೆಹರಿಸುವ ಒಡಿಆರ್ ಪೋರ್ಟಲ್ ಶುರುವಾಯಿತು. ಉದ್ಯಮ್ ನಂಬರ್ ಹಾಕಿ ಒಳಗೆ ಹೋಗಬೇಕು. ಜೊತೆಗೆ ಆರ್ಡರ್, ಇನ್‌ವಾಯ್ಸ್, ಸಹಿಯಾದ ಚಲನ್, ಇ-ವೇ ಬಿಲ್, ಲೆಡ್ಜರ್, ನೀವು ಬರೆದ ಪತ್ರಗಳು ಮತ್ತು ಬಡ್ಡಿಯ ಲೆಕ್ಕ ಇಟ್ಟುಕೊಳ್ಳಿ. ಅಸಲು ಬೇರೆ, ಬಡ್ಡಿ ಬೇರೆ ತೋರಿಸಿ. ಮೊದಲೇ ಬಾಕಿ ಒಪ್ಪಿಕೊಂಡು ಪಾರ್ಟಿ ಕಳಿಸಿದ ಬ್ಯಾಲೆನ್ಸ್ ಕನ್ಫರ್ಮೇಶನ್ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಯಾವುದು ಇಲ್ಲ ಎಂದು ಗೊತ್ತಾಗದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಕೌನ್ಸಿಲ್ ಮೊದಲು ರಾಜಿ ಮಾಡಿಸಲು ನೋಡುತ್ತದೆ. ಆಗದಿದ್ದರೆ ಮಧ್ಯಸ್ಥಿಕೆ, ಅಂದರೆ ಆರ್ಬಿಟ್ರೇಶನ್. ನಿಮ್ಮ ಒಪ್ಪಂದದಲ್ಲಿ ಬೇರೆ ಊರಿನ ಆರ್ಬಿಟ್ರೇಶನ್ ಷರತ್ತು ಇದ್ದರೂ ಕೌನ್ಸಿಲ್‌ಗೆ ಹೋಗಲು ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕಾನೂನಿನಲ್ಲಿ 90 ದಿನ ಎಂದಿದೆ. ನಿಜದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುವುದೇ ಹೆಚ್ಚು, ಅದಕ್ಕೆ ತಯಾರಾಗಿರಿ. ಆದರೆ ನೋಟಿಸ್ ತಲುಪಿದ ಮೇಲೆ ‘ಬನ್ನಿ, ಕೂತು ಮಾತಾಡೋಣ’ ಎಂದು ಫೋನ್ ಬರುವುದೂ ಉಂಟು. ಆಗ ಅಸಲು ಪೂರ್ತಿ ಕೇಳಿ, ಬಡ್ಡಿಯಲ್ಲಿ ಚೌಕಾಸಿ ಮಾಡಿ. ಒಪ್ಪಿದ್ದನ್ನು ಕೌನ್ಸಿಲ್ ಮುಂದೆಯೇ ಬರಹದಲ್ಲಿ ಹಾಕಿಸಿ. ಫೋನಿನ ಮಾತು ನಂಬಿ ದೂರು ವಾಪಸ್ ತೆಗೆಯಬೇಡಿ.

ಬಿಲ್ ಹಳೆಯದಾಗಲು ಬಿಡಬೇಡಿ. ಮೂರು ವರ್ಷ ದಾಟಿದ ಬಾಕಿಗೆ ರಾಜಿ ಮಾತುಕತೆ ಮಾಡಬಹುದು, ಆರ್ಬಿಟ್ರೇಶನ್‌ನಲ್ಲಿ ಕಾಲಮಿತಿಯ ತೊಡಕು ಎದುರಾಗುತ್ತದೆ. ಕಟ್ಟಡ ಕಾಮಗಾರಿಯಂತಹ ಗುತ್ತಿಗೆ ಕೆಲಸಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಕೆಲವು ಹೈಕೋರ್ಟ್‌ಗಳು ಹೇಳಿವೆ, ಅಂಥ ಬಿಲ್ ಇದ್ದರೆ ಮೊದಲು ವಕೀಲರನ್ನು ಕಾಣಿ.

ತೀರ್ಪು ನಿಮ್ಮ ಕಡೆ ಬಂದರೆ ಪಾರ್ಟಿ ಕೋರ್ಟಿಗೆ ಹೋಗಬಹುದು. ಆದರೆ ಮೊದಲು ತೀರ್ಪಿನ ಮೊತ್ತದ ಶೇ 75ರಷ್ಟನ್ನು ಠೇವಣಿ ಇಡಬೇಕು. ಸುಮ್ಮನೆ ಎಳೆದಾಡುವವರ ಉತ್ಸಾಹ ಅಲ್ಲೇ ಇಳಿಯುತ್ತದೆ. ಕೋರ್ಟಿಗೂ ಹೋಗದೆ, ದುಡ್ಡೂ ಕೊಡದೆ ಕೂತರೆ ಸಿವಿಲ್ ಕೋರ್ಟ್‌ನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪು ಜಾರಿ ಮಾಡಿಸುವ ಅರ್ಜಿ ಹಾಕಿ. ಅಲ್ಲಿ ಪಾರ್ಟಿಯ ಆಸ್ತಿ, ಬ್ಯಾಂಕ್ ಖಾತೆಯ ವಿವರ ನೀವೇ ಕೊಡಬೇಕಾಗುತ್ತದೆ. ಅವರು ಹಿಂದೆ ಕೊಟ್ಟ ಚೆಕ್‌ಗಳ ಜೆರಾಕ್ಸ್ ಇಟ್ಟುಕೊಂಡಿದ್ದರೆ ಖಾತೆ ಯಾವ ಬ್ಯಾಂಕಿನದು ಎಂದು ಹುಡುಕುವ ಕೆಲಸ ಇರುವುದಿಲ್ಲ.